ದಾವಣಗೆರೆ–ಹರಿಹರ ಸೀಮೆಯ ಜೇಕು: ಒಣಹಾಳೆಗಳ ದಾಖಲೆ

ಜೇಕು ಎಂಬುದು ಬಯಲುಸೀಮೆಯ ರೈತರ ಬಾಯಲ್ಲಿ ಒಂದು ಕಳೆಯ ಹೆಸರು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಸೈಪರೇಸಿ ಕುಟುಂಬದ ಸೈಪರಸ್ ರೊಟಂಡಸ್. ಕೊನ್ನಾರಿ, ತುಂಗೆ, ತುಂಗಮುಸ್ತೆ, ಭದ್ರಮುಷ್ಟಿ ಎಂಬ ಹೆಸರುಗಳೂ ಇದಕ್ಕೇ ಸಲ್ಲುತ್ತವೆ. ಇದರ ನೆಂಟರನ್ನೆಲ್ಲ, ಅಂದರೆ ಗದ್ದೆಯ ಬದು, ಕೆರೆಯಂಗಳ, ಹೊಳೆದಂಡೆಗಳಲ್ಲಿ ಬೆಳೆಯುವ ಮೂರು ಮೂಲೆಯ ಕಾಂಡದ ಗಿಡಗಳನ್ನೆಲ್ಲ, ಒಟ್ಟಾಗಿ ಜೇಕು ಎಂದೇ ಕರೆಯುವ ರೂಢಿಯೂ ಇದೆ. ದಾವಣಗೆರೆ ನಗರ, ಹರಿಹರ ಮತ್ತು ಆ ಎರಡು ಊರುಗಳಿಗೆ ನೀರುಣಿಸುವ ನೆಲದಲ್ಲಿ ಈ ಗುಂಪಿನ ಸಸ್ಯಗಳು ಹೇಗೆ ದಾಖಲಾದವು, ಒಣಗಿಸಿ ಹಾಳೆಗೆ ಹಚ್ಚಿದ ಮಾದರಿಗಳು ಏನನ್ನು ಹೇಳುತ್ತವೆ, ಎಲ್ಲಿ ಎಡವುತ್ತವೆ ಎಂಬುದು ಈ ಲೇಖನದ ವಸ್ತು.

ಹೆಸರಿನ ಬಗ್ಗೆ ಒಂದು ಮಾತು. ಒಂದೇ ಗಡ್ಡೆಗೆ ತುಂಗೆ ಎಂದೂ ಭದ್ರಮುಷ್ಟಿ ಎಂದೂ ಕರೆಯುವುದನ್ನು ಹರಿಹರದ ಹೊಳೆದಂಡೆಯಲ್ಲಿ ನಿಂತು ಕೇಳಿದರೆ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ: ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹರಿಯುವುದು ಈ ಊರಿನ ಪಕ್ಕದಲ್ಲೇ. ಇದನ್ನು ಕಾಕತಾಳೀಯ ಎಂದು ಬಿಡುವುದೇ ಕ್ಷೇಮ. ಭದ್ರಮುಷ್ಟಿಯು ಸಂಸ್ಕೃತದ ಭದ್ರಮುಸ್ತಾದಿಂದ ಬಂದ ವೈದ್ಯರ ಮಾತು. ಅದಕ್ಕೂ ಹೊಳೆಗೂ ಸಂಬಂಧ ಕಟ್ಟಬೇಕಾಗಿಲ್ಲ.

ಗುರುತು

ಹುಲ್ಲು ಮತ್ತು ಜೇಕನ್ನು ಬೇರೆ ಮಾಡಲು ಹೆಬ್ಬೆರಳು, ತೋರುಬೆರಳು ಸಾಕು. ಕಾಂಡವನ್ನು ಹಿಡಿದು ಹೊರಳಿಸಿದರೆ ಹುಲ್ಲಿನದು ಉರುಳುತ್ತದೆ, ಜೇಕಿನದು ಮೂಲೆ ಒತ್ತಿ ನಿಲ್ಲುತ್ತದೆ. ಗಣಪತಿಗೆ ಏರಿಸುವ ಗರಿಕೆಯ ಕಡ್ಡಿಯಲ್ಲಿ ಗೆಣ್ಣುಗಳಿವೆ. ಜೇಕಿನ ಹೂಕಡ್ಡಿ ಬುಡದಿಂದ ತಲೆಯವರೆಗೆ ಒಂದೇ ನುಣುಪು, ಒಳಗೆ ಬೆಂಡು. ಎಲೆಗಳು ಮೂರು ಸಾಲಿನಲ್ಲಿ ಹೊರಡುತ್ತವೆ, ಎಲೆಯ ಬುಡದ ಒರೆ ಸೀಳಿಲ್ಲದೆ ಕೊಳವೆಯಂತೆ ಕಾಂಡವನ್ನು ಸುತ್ತಿರುತ್ತದೆ. ಇಷ್ಟು ನೋಡಿದರೆ ಕುಟುಂಬ ಗೊತ್ತಾಯಿತು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 5,500 ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲನ್ನು ಪ್ರತ್ಯೇಕಿಸುವ ಗುಣ ಇರುವುದು ಒಂದೆರಡು ಮಿಲಿಮೀಟರಿನ ಕಾಯಿಯಲ್ಲಿ: ಅದು ಮುಮ್ಮೂಲೆಯದೋ ಚಪ್ಪಟೆಯದೋ, ಅದರ ತುದಿಯ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಮೂರು ಸೀಳಾಗಿದೆಯೋ ಎರಡೋ, ಮೈ ಮೇಲೆ ಗೀರುಗಳಿವೆಯೋ ಇಲ್ಲವೋ. ಎಳೆಯ ಹೂಗೊಂಚಲಿನಲ್ಲಿ ಇದೊಂದೂ ಕಾಣಿಸುವುದಿಲ್ಲ. ಹಾಗಾಗಿ ಅವಸರದಲ್ಲಿ ಕಿತ್ತು ತಂದ ಜೇಕು ಎಂದೆಂದಿಗೂ ‘ಸೈಪರಸ್, ಪ್ರಭೇದ ತಿಳಿಯದು’ ಎಂಬ ಚೀಟಿಯಲ್ಲೇ ಉಳಿಯುತ್ತದೆ.

ಸೈಪರಸ್ ರೊಟಂಡಸ್‌ನ ವಿಷಯದಲ್ಲಿ ಇನ್ನೊಂದು ಅಂಗವೂ ಬೇಕು, ಅದು ಮಣ್ಣೊಳಗಿದೆ. ಗಿಡದ ಬುಡದಲ್ಲಿ ಒಂದು ಸಣ್ಣ ಉಬ್ಬು. ಅದರಿಂದ ಕಪ್ಪಗೆ ತಂತಿಯಂಥ ಬೇರುಕಾಂಡ ಹೊರಟು, ಒಂದಿಷ್ಟು ದೂರ ಹೋಗಿ ಗಡ್ಡೆ ಕಟ್ಟುತ್ತದೆ. ಆ ಗಡ್ಡೆಯಿಂದ ಮತ್ತೆ ತಂತಿ, ಮತ್ತೆ ಗಡ್ಡೆ. ಹೀಗೆ ಜಪಮಾಲೆಯ ಮಣಿಗಳ ಹಾಗೆ ಗಡ್ಡೆಗಳ ಸರಪಳಿ. ಇದರ ಹತ್ತಿರದ ಬಂಧು ಸೈಪರಸ್ ಎಸ್ಕ್ಯುಲೆಂಟಸ್‌ನಲ್ಲಿ ಗಡ್ಡೆ ತಂತಿಯ ತುದಿಗೆ ಒಂದೊಂದೇ ಕೂರುತ್ತದೆ, ಸರಪಳಿ ಇಲ್ಲ. ಅದರ ಕಿರುತೆನೆ ಹಳದಿ ಛಾಯೆಯದು, ಜೇಕಿನದು ಕೆಂಗಂದು. ಒಣಗಿದ ಹಾಳೆಯಲ್ಲಿ ಬಣ್ಣ ಮಾಸುತ್ತದೆ, ಸರಪಳಿ ಮಾತ್ರ ಸುಳ್ಳು ಹೇಳುವುದಿಲ್ಲ.

ಈ ಸರಪಳಿಯೇ ರೈತನ ಶತ್ರು. ಜೋಡಿಸಿಕೊಂಡಿರುವಾಗ ತುದಿಯ ಗಡ್ಡೆ ಮೊಳೆತು ಉಳಿದವನ್ನು ಸುಮ್ಮನಿರಿಸುತ್ತದೆ. ಕುಂಟೆ ಹೊಡೆದು ಸರಪಳಿ ಹರಿದ ಕೂಡಲೇ ಸುಮ್ಮನಿದ್ದ ಗಡ್ಡೆಗಳೆಲ್ಲ ಎಚ್ಚರಗೊಳ್ಳುತ್ತವೆ. ಎಡೆಕುಂಟೆ ಆಡಿಸಿದ ವಾರಕ್ಕೆ ಹೊಲ ಮತ್ತೆ ಹಸಿರು. ಬೀಜದಿಂದ ಇದು ಹುಟ್ಟುವುದು ಅಪರೂಪ, ಹರಡುವುದೆಲ್ಲ ಗಡ್ಡೆಯಿಂದ. ಬಿಸಿಲನ್ನು ದುಡಿಸಿಕೊಳ್ಳುವುದರಲ್ಲೂ ಮೆಕ್ಕೆಜೋಳ, ಕಬ್ಬುಗಳ ಸಾಲಿಗೆ ಸೇರಿದ ಗಿಡ. 1977ರಲ್ಲಿ ಲೀರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. 90ಕ್ಕೂ ಹೆಚ್ಚು ದೇಶಗಳಲ್ಲಿ, 52 ಬೆಳೆಗಳಲ್ಲಿ ಇದರ ಕಾಟವೆಂದು ಅವರ ಎಣಿಕೆ. 1753ರಲ್ಲಿ ಲಿನೇಯಸ್ ಹೆಸರಿಟ್ಟಾಗ ಇದರ ನೆಲೆಯೆಂದು ಬರೆದದ್ದು ಭಾರತವನ್ನು. ಜಗತ್ತಿನ ಪಾಲಿಗೆ ಪರದೇಶಿ ಕಳೆಯಾದದ್ದು ನಮ್ಮ ಪಾಲಿಗೆ ಮನೆಮಗ.

ನೆಲ ಮತ್ತು ನೀರು

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹೋದಂತೆ ನೆಲ ತಗ್ಗಿ ಹರಿಹರದಲ್ಲಿ ಹೊಳೆ ಮುಟ್ಟುತ್ತದೆ. ನಡುವೆ ಬಾತಿ ಗುಡ್ಡ, ಅದರ ಕೆಳಗೆ ಬಾತಿ ಕೆರೆ. ಬದಿಗೆ ಕೊಂಡಜ್ಜಿಯ ಕೆರೆ ಮತ್ತು ಕಾಡು. ನಗರದ ಅಂಚಿಗೆ ಕುಂದವಾಡ ಕೆರೆ. ಪೂರ್ವಕ್ಕೆ ಜಗಳೂರಿನ ಕಡೆ ಕಲ್ಲುಗುಡ್ಡಗಳ ಕುರುಚಲು ಕಾಡು. ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಜಿಂಕೆಗಾಗಿ ಕಾದಿಟ್ಟ ರಂಗಯ್ಯನದುರ್ಗ ಅಭಯಾರಣ್ಯ ಇರುವುದು ಅಲ್ಲೇ.

ಗುಡ್ಡದ ಇಕ್ಕಟ್ಟು ಎಂದು ಹೇಳಬಹುದಾದ ಒಂದು ಜಾಗ ಈ ಸೀಮೆಯಲ್ಲಿದೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಶಾಂತಿಸಾಗರ ಎಂಬುದು ಅದರ ಇನ್ನೊಂದು ಹೆಸರು. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಕಂಡಿಯಲ್ಲಿ ನುಸುಳುವ ಕಡೆ ಏರಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಏರಿ ಚಿಕ್ಕದು, ಕೆರೆ ದೊಡ್ಡದು. ಇಡೀ ಕೆಲಸವನ್ನು ಗುಡ್ಡಗಳೇ ಮಾಡಿವೆ. ಕೆರೆಯಿಂದ ಹೊರಬಿದ್ದ ಹರಿದ್ರಾ ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಜೇಕು ಹುಡುಕುವವರಿಗೆ ಈ ಒಂದು ಹಳ್ಳದ ಗುಂಟ ನಡೆದರೆ ಸಾಕು. ಕಂಡಿಯ ಬಂಡೆಬಿರುಕಿನ ಒಣ ಮರಳಲ್ಲಿ ಕೂದಲೆಳೆಯಂಥ ಎಲೆಯ ಬಲ್ಬೊಸ್ಟೈಲಿಸ್, ನೀರಿಳಿದ ಕೆರೆಯಂಗಳದಲ್ಲಿ ಫಿಂಬ್ರಿಸ್ಟೈಲಿಸ್, ನಿಂತ ನೀರಲ್ಲಿ ಎಲೆಯೇ ಇಲ್ಲದ ಕೊಳವೆಕಡ್ಡಿಯ ಎಲಿಯೋಕ್ಯಾರಿಸ್, ಗದ್ದೆಯೊಳಗೆ ಸೈಪರಸ್ ಇರಿಯಾ ಮತ್ತು ಸೈಪರಸ್ ಡಿಫಾರ್ಮಿಸ್, ಬದುವಿನ ಮೇಲೆ ಕೊನ್ನಾರಿ. ನೀರಿನ ಮಟ್ಟ ಒಂದು ಗೇಣು ಏರಿಳಿದರೆ ಪ್ರಭೇದ ಬದಲಾಗುತ್ತದೆ. ಕೆರೆಯಂಚಿನ ಆಪು ಮಾತ್ರ ಈ ಲೆಕ್ಕಕ್ಕೆ ಸೇರದು; ನೋಡಲು ನೆಂಟನಂತಿದ್ದರೂ ಅದರ ಕುಟುಂಬವೇ ಬೇರೆ.

ಈ ಸೀಮೆಯ ಜೇಕಿನ ಚರಿತ್ರೆಯಲ್ಲಿ ದೊಡ್ಡ ತಿರುವು ಭದ್ರಾ ನಾಲೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬಲದಂಡೆ ನಾಲೆ ಬಂದು 1960ರ ದಶಕದ ಹೊತ್ತಿಗೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ ಬೆಳೆದದ್ದು ಮೊದಲಿನ ನೆಲದ ಬಲದಿಂದ. ಅಕ್ಕಿ ಗಿರಣಿಗಳ ಊರಾದದ್ದು ಎರಡನೆಯದರಿಂದ. ಕಳೆಗಳೂ ಅದೇ ದಾರಿ ಹಿಡಿದವು. ಒಣಹೊಲದ ಒಡೆಯ ಕೊನ್ನಾರಿ ನಿಂತ ನೀರಿಗೆ ಹಿಂಜರಿಯುತ್ತದೆ, ಬದುವಿಗೆ ಸರಿಯುತ್ತದೆ. ಕೆಸರಲ್ಲಿ ಬೀಜದಿಂದಲೇ ಹುಟ್ಟಿ, ಭತ್ತ ತೆನೆ ಬಿಡುವ ಮೊದಲೇ ಬೀಜ ಉದುರಿಸಿ ಮುಗಿಸುವ ಡಿಫಾರ್ಮಿಸ್‌ಗೆ ಗದ್ದೆ ಹೇಳಿ ಮಾಡಿಸಿದ ಜಾಗ. ನಾಲೆಗೆ ಮುಂಚಿನ ಒಂದು ಹಾಳೆ, ನಂತರದ ಒಂದು ಹಾಳೆ ಪಕ್ಕಪಕ್ಕದಲ್ಲಿಟ್ಟು ಚೀಟಿಯಲ್ಲಿ ‘ಜೋಳದ ಹೊಲ’, ‘ಭತ್ತದ ಗದ್ದೆ’ ಎಂಬ ಎರಡೆರಡು ಪದ ಓದಿದರೆ ಒಂದು ಸೀಮೆಯ ನೀರಾವರಿ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ. ಆ ಎರಡು ಪದ ಬರೆಯುವ ತಾಳ್ಮೆ ಸಂಗ್ರಾಹಕನಿಗೆ ಇರಬೇಕು, ಅಷ್ಟೆ.

ಸರತಿಯ ಕೊನೆಯಲ್ಲಿ

ಸಸ್ಯಸಂಪತ್ತಿನ ಪುಸ್ತಕಗಳಲ್ಲಿ ಜೇಕಿಗೆ ಸಿಗುವ ಜಾಗ ಯಾವಾಗಲೂ ಕೊನೆಯ ಪಂಕ್ತಿ. ಗಿಡಗಳನ್ನು ವಿಂಗಡಿಸಲು ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಹಾಕಿಕೊಟ್ಟ ಕ್ರಮದಲ್ಲಿ ದ್ವಿದಳ ಸಸ್ಯಗಳೆಲ್ಲ ಮುಗಿದ ಮೇಲೆ ಏಕದಳ, ಏಕದಳದ ತೀರ ಕೊನೆಗೆ ಸೈಪರೇಸಿ, ಅದರ ಬೆನ್ನಿಗೆ ಹುಲ್ಲು. ಭಾರತದ ಬಹುತೇಕ ಹರ್ಬೇರಿಯಂಗಳಲ್ಲಿ (ಒಣಸಸ್ಯ ಸಂಗ್ರಹಾಲಯಗಳಲ್ಲಿ) ಕಪಾಟುಗಳನ್ನು ಜೋಡಿಸಿದ್ದೂ ಇದೇ ಕ್ರಮದಲ್ಲಿ. ಅಂದರೆ ಜೇಕಿನ ಹಾಳೆಗಳು ಸಾಲಿನ ಕೊನೆಯ ಬೀರುವಿನಲ್ಲಿ. ಪುಸ್ತಕ ಬರೆಯುವವರು ಅಲ್ಲಿಗೆ ತಲುಪುವ ಹೊತ್ತಿಗೆ ವಯಸ್ಸು, ಹಣ, ಆಯುಷ್ಯ ಯಾವುದಾದರೊಂದು ಮುಗಿದಿರುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ಹೂಕರ್‌ನ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತು 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬಂತು. ಜೇಕಿನ ಸರದಿ ಆರನೆಯದರಲ್ಲಿ, 1893–94ಕ್ಕೆ. ಅದನ್ನು ಬರೆದ ಸಿ. ಬಿ. ಕ್ಲಾರ್ಕ್ ಬಂಗಾಳದ ವಿದ್ಯಾ ಇಲಾಖೆಯಲ್ಲಿ ದುಡಿದವರು, ಮೂಲತಃ ಗಣಿತದ ಮನುಷ್ಯ. ಜೇಕುಗಳ ಮೇಲೆ ಜೀವಮಾನ ಸವೆಸಿದ ಅವರು 1906ರಲ್ಲಿ ತೀರಿಕೊಂಡರು. ಜೇಕುಗಳ ಅವರ ಚಿತ್ರಸಂಪುಟ ಅಚ್ಚಾದದ್ದು 1909ರಲ್ಲಿ. ಮದ್ರಾಸ್ ಪ್ರಾಂತದ ಸಸ್ಯಸಂಪತ್ತನ್ನು ಜೆ. ಎಸ್. ಗ್ಯಾಂಬಲ್ 1915ರಲ್ಲಿ ಶುರು ಮಾಡಿ 1925ರಲ್ಲಿ ಕಣ್ಣು ಮುಚ್ಚಿದರು. ಜೇಕಿನ ಭಾಗವನ್ನು 1931ರಲ್ಲಿ ಹೊರತಂದವರು ಸಿ. ಇ. ಸಿ. ಫಿಶರ್. ಮುಂಬಯಿ ಪ್ರಾಂತದ ಕಡೆ ಥಿಯೊಡೋರ್ ಕುಕ್ ತಮ್ಮ ಎರಡು ಸಂಪುಟಗಳನ್ನು 1908ರಲ್ಲಿ ತಾವೇ ಮುಗಿಸಿದರು; ಅವರ ಪುಸ್ತಕದಲ್ಲೂ ಜೇಕು ಸಿಗುವುದು ಎರಡನೆಯ ಸಂಪುಟದ ಬಾಲದಲ್ಲಿ. ಅದನ್ನು ಪರಿಷ್ಕರಿಸಲು ಕೂತ ಪಾದ್ರಿ ಎಥೆಲ್‌ಬರ್ಟ್ ಬ್ಲಾಟರ್ 1934ರಲ್ಲಿ ತೀರಿಕೊಂಡರು. ಚಾರ್ಲ್ಸ್ ಮೆಕ್ಯಾನ್ ಜತೆ ಬರೆದ ಮುಂಬಯಿ ಹುಲ್ಲುಗಳ ಪುಸ್ತಕ ಹೊರಬಂದದ್ದು 1935ರಲ್ಲಿ.

ನಮ್ಮ ಕಾಲಕ್ಕೆ ಬಂದರೆ ಕತೆ ಇನ್ನೂ ಹತ್ತಿರವಾಗುತ್ತದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ ಅವರು ಡ್ಯಾನ್ ನಿಕೊಲ್ಸನ್ ಜತೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಪ್ರಕಟಿಸಿದರು. ಜಿಲ್ಲಾಮಟ್ಟದ ಕೆಲಸಕ್ಕೆ ಅದು ಇವತ್ತಿಗೂ ಅಳತೆಗೋಲು. ಆಮೇಲೆ ಇಡೀ ಕರ್ನಾಟಕದ ಸಸ್ಯಸಂಪತ್ತಿಗೆ ಕೈಹಾಕಿ ಮೊದಲ ಸಂಪುಟವನ್ನು 1984ರಲ್ಲಿ, ಎರಡನೆಯದನ್ನು 1996ರಲ್ಲಿ ತಂದರು. 2002ರಲ್ಲಿ ಅವರು ತೀರಿಕೊಂಡರು. ಸರಣಿ ಏಕದಳದ ಬಾಗಿಲಿಗೆ ಬರಲೇ ಇಲ್ಲ. ಆ ಪುಸ್ತಕಗಳಿಗಾಗಿ ಕೂಡಿಟ್ಟ ಒಣಸಸ್ಯಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಜೆಸಿಬಿ ಎಂಬ ಸಂಕೇತಾಕ್ಷರದ ಹರ್ಬೇರಿಯಂ ಆಗಿವೆ.

ಜೇಕಿಗೆ ತನ್ನದೇ ಪುಸ್ತಕ ಸಿಕ್ಕಿದ್ದು ಅದೇ 2002ರಲ್ಲಿ. ವಿ. ಪಿ. ಪ್ರಸಾದ್ ಮತ್ತು ಎನ್. ಪಿ. ಸಿಂಗ್ ಬರೆದ ಕರ್ನಾಟಕದ ಜೇಕುಗಳ ಗ್ರಂಥ ಜೋಧಪುರದಲ್ಲಿ ಅಚ್ಚಾಯಿತು. ಎರಡು ವರ್ಷ ಬಿಟ್ಟು, 2004ರಲ್ಲಿ, ಬಿ. ಕೆ. ಮಂಜುನಾಥ, ವಿ. ಕೃಷ್ಣ, ಟಿ. ಪುಲ್ಲಯ್ಯ ಅವರ ದಾವಣಗೆರೆ ಜಿಲ್ಲೆಯ ಸಸ್ಯಸಂಪತ್ತು ದೆಹಲಿಯಿಂದ ಹೊರಬಂತು. ಕೃಷ್ಣ ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು, ಪುಲ್ಲಯ್ಯ ಅವರು ಅನಂತಪುರದವರು. ಜಿಲ್ಲೆ ಹುಟ್ಟಿ ಏಳೇ ವರ್ಷಕ್ಕೆ ಅದರ ಗಿಡಗಳ ಪಟ್ಟಿ ಪುಸ್ತಕವಾಗುವುದು ಸಣ್ಣ ಮಾತಲ್ಲ. ಎಷ್ಟೋ ಹಳೆಯ ಜಿಲ್ಲೆಗಳಿಗೆ ಆ ಭಾಗ್ಯ ಬಂದಿಲ್ಲ.

ಇಲ್ಲಿ ಇನ್ನೊಂದು ಒಗಟಿದೆ. ಎಲ್ಲರ ಕಾಲಡಿ ಇರುವ ಗಿಡ ಹಾಳೆಯ ಮೇಲೆ ಕಡಿಮೆ. ಸಂಗ್ರಾಹಕ ಹೊರಟದ್ದೇ ಅಪರೂಪದ್ದನ್ನು ಹುಡುಕಿಕೊಂಡು. ಚೀಲದಲ್ಲಿ ಜಾಗ ಕಡಿಮೆ, ಒತ್ತುಹಲಗೆಯಲ್ಲಿ ಕಾಗದ ಎಣಿಸಿದಷ್ಟು. ಬಸ್ ನಿಲ್ದಾಣದ ಚರಂಡಿ ಪಕ್ಕದಲ್ಲಿರುವ ಕೊನ್ನಾರಿಯನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತುತ್ತಾನೆ. ಹರ್ಬೇರಿಯಂನ ಹಾಳೆಗಳನ್ನು ಎಣಿಸಿ ‘ಈ ಗಿಡ ಇಲ್ಲಿ ವಿರಳ’ ಎಂದು ತೀರ್ಮಾನಿಸುವವರು ಮೊದಲು ಈ ಸೋಮಾರಿತನವನ್ನು ಲೆಕ್ಕಕ್ಕೆ ಹಿಡಿಯಬೇಕು.

ಚೀಟಿಯ ಮೇಲಿನ ಗಡಿಗಳು

ಒಣಗಿದ ಗಿಡ ಅರ್ಧ ದಾಖಲೆ. ಉಳಿದರ್ಧ ಹಾಳೆಯ ಬಲ ಕೆಳಮೂಲೆಗೆ ಅಂಟಿಸಿದ ಚೀಟಿ. ಯಾರು, ಯಾವಾಗ, ಎಲ್ಲಿ, ಯಾವ ನೆಲದಲ್ಲಿ, ಎಷ್ಟು ಎತ್ತರದಲ್ಲಿ, ಸಂಗ್ರಾಹಕನ ಎಷ್ಟನೆಯ ಸಂಖ್ಯೆ, ಊರವರು ಏನೆನ್ನುತ್ತಾರೆ. ‘ಎಲ್ಲಿ’ ಎಂಬುದು ಸುಲಭ ಎನಿಸಬಹುದು. ಹರಿಹರದ ಮಟ್ಟಿಗೆ ಅದೇ ಕಗ್ಗಂಟು.

ಸ್ವಾತಂತ್ರ್ಯಕ್ಕೆ ಮುಂಚೆ ಹರಿಹರದ ದಂಡೆ ಮೈಸೂರು ಸಂಸ್ಥಾನ. ಹೊಳೆಯಾಚೆ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಉತ್ತರಕ್ಕೆ ಹರಪನಹಳ್ಳಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಒಂದು ದಿನದ ಬಂಡಿ ಪ್ರಯಾಣದೊಳಗೆ ಮೂರು ಸರ್ಕಾರಗಳು. ಆಚೆ ದಂಡೆಯ ಜೇಕು ಕುಕ್‌ನ ಪುಸ್ತಕಕ್ಕೆ, ಹರಪನಹಳ್ಳಿಯದು ಗ್ಯಾಂಬಲ್‌ನ ಪುಸ್ತಕಕ್ಕೆ. 1910ರ ದಶಕದಲ್ಲಿ ಧಾರವಾಡ, ಉತ್ತರ ಕನ್ನಡಗಳಲ್ಲಿ ಟಿ. ಆರ್. ಡಿ. ಬೆಲ್ ಮತ್ತು ಎಲ್. ಜೆ. ಸೆಜ್‌ವಿಕ್ ಎಂಬ ಅಧಿಕಾರಿಗಳು ಗಿಡ ಕೂಡಿಟ್ಟದ್ದು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೆ ಸೇರಿತು. ಇಂಗ್ಲಿಷಿನಲ್ಲಿ ಜೇಕಿಗೆ ಸೆಜ್ ಎನ್ನುತ್ತಾರೆ. ಎರಡನೆಯವರ ಹೆಸರಲ್ಲೇ ಗಿಡ ಕೂತಿದೆ. ಮದ್ರಾಸ್ ಕಡೆಯ ಹಾಳೆಗಳು ಕೊಯಮತ್ತೂರಿನ ಹರ್ಬೇರಿಯಂನಲ್ಲಿ. ಒಂದೇ ಹೊಳೆಯ ಎರಡು ದಂಡೆಗಳ ಜೇಕನ್ನು ಹೋಲಿಸಬೇಕಾದವರು ರೈಲು ಹತ್ತಿ ಎರಡು ದಿಕ್ಕಿಗೆ ಹೋಗಬೇಕಿತ್ತು.

ಆಮೇಲೆ ಗಡಿಗಳೇ ನಡೆದಾಡಿದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ಧಾರವಾಡ 1956ರಲ್ಲಿ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರ ಆಗಸ್ಟ್ 15ರಂದು, ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಅದೇ ವರ್ಷ ಆಚೆ ದಂಡೆಯ ರಾಣೆಬೆನ್ನೂರು ಹಾವೇರಿಯ ಪಾಲಾಯಿತು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಾಗಿ ಸೂಳೆಕೆರೆಯಲ್ಲಿ ಕಿತ್ತ ಹಳೆಯ ಜೇಕನ್ನು ಹುಡುಕಬೇಕಾದದ್ದು ‘ಶಿವಮೊಗ್ಗ’ ಎಂಬ ಹೆಸರಿನಡಿ; ಹರಿಹರದ್ದನ್ನು ‘ಚಿತಲ್‌ಡ್ರೂಗ್’ ಎಂದು ಇಂಗ್ಲಿಷರು ಬರೆದ ಕಡೆ. 2004ರ ಜಿಲ್ಲಾ ಪುಸ್ತಕದಲ್ಲಿ ಹರಪನಹಳ್ಳಿಯೂ ಸೇರಿದ ಆರು ತಾಲ್ಲೂಕುಗಳ ದಾವಣಗೆರೆ ಇದೆ. ಇವತ್ತಿನ ನಕ್ಷೆಯ ದಾವಣಗೆರೆ ಅದಲ್ಲ. ಗಿಡ ಒಂದಂಗುಲ ಅಲುಗಿಲ್ಲ, ವಿಳಾಸ ಮಾತ್ರ ನಾಲ್ಕು ಸಲ ಬದಲಾಗಿದೆ. ಜಿಲ್ಲೆಯ ಹೆಸರಿಗಿಂತ ಕೆರೆಯ ಹೆಸರು ಬರೆದ ಸಂಗ್ರಾಹಕ ಜಾಣ.

   

ಹಾಳೆ ಹೇಗಾಗುತ್ತದೆ

ಮಳೆಗಾಲ ಹಿಂದೆ ಸರಿಯುವ ಹೊತ್ತು, ಸೆಪ್ಟೆಂಬರಿನಿಂದ ನವೆಂಬರ್, ಜೇಕಿಗೆ ಒಳ್ಳೆಯ ಕಾಲ; ಕಾಯಿ ಬಲಿತಿರುತ್ತದೆ, ಉದುರಿರುವುದಿಲ್ಲ. ಹರಿಹರದ ಹೊಳೆದಂಡೆಯಲ್ಲಿ ಕೊನ್ನಾರಿಯನ್ನು ಕೈಯಿಂದ ಎಳೆದರೆ ಟಕ್ ಎಂದು ಬುಡದಲ್ಲಿ ಕಡಿದು ಬರುತ್ತದೆ, ಗಡ್ಡೆಗಳೆಲ್ಲ ನೆಲದಲ್ಲೇ. ಸಣ್ಣ ಗುದ್ದಲಿಯಿಂದ ಒಂದು ಗೇಣು ದೂರದಲ್ಲಿ ಸುತ್ತ ಕಡಿದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಆ ಹೆಂಟೆಯನ್ನು ನೀರಲ್ಲಿ ಮುಳುಗಿಸಿ ಕರಗಲು ಬಿಡಬೇಕು. ಎರೆಮಣ್ಣು ಹಟಮಾರಿ, ಬೆರಳಿಂದ ತಿಕ್ಕಿದರೆ ತಂತಿ ಹರಿಯುತ್ತದೆ, ಕಾಯ್ದರೆ ತಾನಾಗಿ ಬಿಡುತ್ತದೆ. ಕೊನೆಗೆ ನೀರಿನ ಮೇಲೆ ಸರಪಳಿ ತೇಲಿದಂತೆ ಕಾಣುತ್ತದೆ: ಎಳೆಯ ಗಡ್ಡೆ ಬಿಳುಪು, ಹಳೆಯದು ಕರಿಗಂದು, ಮೈತುಂಬ ನಾರು. ಒಂದನ್ನು ಉಗುರಿಂದ ಸೀಳಿದರೆ ಗ್ರಂಧಿಗೆ ಅಂಗಡಿಯ ವಾಸನೆ.

ಗಿಡವನ್ನು ಹಳೆ ಪತ್ರಿಕೆಯ ಮಡಿಕೆಯೊಳಗೆ ಹರಡುತ್ತಾರೆ. ಹರ್ಬೇರಿಯಂ ಹಾಳೆಯ ಅಳತೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಮೊಣಕಾಲೆತ್ತರದ ಜೇಕು ಅದಕ್ಕೆ ಹಿಡಿಸದು. ಕಾಂಡವನ್ನು ಒಂದು ಕಡೆ ಚೂಪಾಗಿ ಮಡಿಸಿ, ಎಲೆಯೊಂದನ್ನು ಬೆನ್ನು ಕಾಣುವಂತೆ ತಿರುವಿ ಒತ್ತುಹಲಗೆಯ ನಡುವೆ ಬಿಗಿಯುತ್ತಾರೆ. ಮೊದಲ ಮೂರ್ನಾಲ್ಕು ದಿನ ದಿನವೂ ಕಾಗದ ಬದಲಿಸಬೇಕು. ಎಲೆ ಕಾಗದದಷ್ಟು ಬೇಗ ಒಣಗುತ್ತದೆ, ಗಡ್ಡೆ ಒಣಗುವುದಿಲ್ಲ. ಹೊರಗೆ ಒಣಗಿದಂತೆ ಕಂಡ ಗಡ್ಡೆಯಿಂದ ಒತ್ತುಹಲಗೆಯೊಳಗೇ ಮೊಳಕೆ ಬಂದರೂ ಅಚ್ಚರಿಪಡಬೇಕಿಲ್ಲ. ದೊಡ್ಡ ಗಡ್ಡೆಯನ್ನು ಉದ್ದಕ್ಕೆ ಸೀಳಿ ಇಡುವುದು ಅದಕ್ಕೇ. ಉದುರಿದ ಕಾಯಿಗಳನ್ನು ಕಾಗದದ ಪುಟ್ಟ ಲಕೋಟೆಗೆ ಹಾಕಿ ಹಾಳೆಗೇ ಅಂಟಿಸುತ್ತಾರೆ. ಮುಂದೆ ಯಾರೋ ಹತ್ತುಪಟ್ಟು ಹಿಗ್ಗಿಸುವ ಮಸೂರ ಹಿಡಿದು ಮೊದಲು ಬಿಡಿಸುವುದು ಆ ಲಕೋಟೆಯನ್ನೇ. ಹುಳುವಿನ ಕಾಟಕ್ಕೆ ಹಿಂದೆ ಪಾದರಸದ ಕ್ಲೋರೈಡನ್ನು ಮದ್ಯಸಾರದಲ್ಲಿ ಕಲಸಿ ಅದ್ದುತ್ತಿದ್ದರು. ಹಳೆಯ ಹಾಳೆ ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಜೇಕಿನ ಕುಟುಂಬಕ್ಕೆ ಕಾಗದದೊಂದಿಗೆ ಹಳೆಯ ನಂಟಿದೆ. ಈಜಿಪ್ತಿನವರು ಬರೆಯಲು ಬಳಸಿದ ಪಪೈರಸ್ ಇದೇ ಸೈಪರಸ್ ಜಾತಿಯ ಗಿಡ. ಅಣ್ಣನ ಕಾಂಡದಿಂದ ಹಾಳೆ ಮಾಡಿದ ಮನುಷ್ಯ ತಮ್ಮನನ್ನು ಹಾಳೆಗೆ ಅಂಟಿಸುತ್ತಿದ್ದಾನೆ.

ಹೆಸರುಗಳ ಮೇಲೆ ಹೆಸರು

ಹಾಳೆಯ ಮೇಲೆ ಒಂದೇ ಚೀಟಿ ಇರುವುದು ಕಡಿಮೆ. ಹೊಸಬರೊಬ್ಬರು ಪರೀಕ್ಷಿಸಿ ಹೆಸರು ತಿದ್ದಿದರೆ ಹಳೆಯದನ್ನು ಹೊಡೆದುಹಾಕುವುದಿಲ್ಲ. ತಮ್ಮ ಹೆಸರು, ಇಸವಿಯೊಂದಿಗೆ ಇನ್ನೊಂದು ಪಟ್ಟಿ ಅಂಟಿಸುತ್ತಾರೆ. ಜೇಕಿನ ಹಾಳೆಗಳಲ್ಲಿ ಈ ಪಟ್ಟಿಗಳು ಜಾಸ್ತಿ. ಕಿಲಿಂಗಾ, ಪಿಕ್ರಿಯಸ್, ಮಾರಿಸ್ಕಸ್ ಎಂದು ಬೇರೆ ಮನೆ ಹೂಡಿದ್ದ ಗುಂಪುಗಳನ್ನು ಇತ್ತೀಚಿನ ಅನುವಂಶೀಯ ಅಧ್ಯಯನಗಳು ಮತ್ತೆ ಸೈಪರಸ್‌ನ ಒಟ್ಟುಕುಟುಂಬಕ್ಕೆ ತಂದಿವೆ. ಸಿರ್ಪಸ್ ಎಂಬ ದೊಡ್ಡ ಮನೆಯಲ್ಲಿ ಮಾತ್ರ ಇದರ ತದ್ವಿರುದ್ಧ: ಅಲ್ಲಿ ಪಾಲಾಗಿ ಹಲವು ಹೆಸರುಗಳಾದವು. ಕೆರೆಯಂಗಳದ ಸಿರ್ಪಸ್ ಆರ್ಟಿಕ್ಯುಲೇಟಸ್ ಈಗ ಸ್ಕೀನೊಪ್ಲೆಕ್ಟಿಯೆಲ್ಲಾ. ಪುಸ್ತಕದ ಪಟ್ಟಿ ಹಳತಾಗುತ್ತದೆ. ಹಾಳೆಯಿದ್ದರೆ ಮತ್ತೆ ನೋಡಬಹುದು, ಹಾಳೆಯಿಲ್ಲದ ಪಟ್ಟಿಯನ್ನು ನಂಬುವುದೋ ಬಿಡುವುದೋ ಅಷ್ಟೆ.

ಇದರ ವ್ಯಾವಹಾರಿಕ ತೂಕ ತಿಳಿಯುವುದು ಔಷಧದ ವ್ಯಾಪಾರದಲ್ಲಿ. ಆಯುರ್ವೇದದ ಮುಸ್ತೆ ಜ್ವರಕ್ಕೂ ಹೊಟ್ಟೆಯ ಕೆಡುಕಿಗೂ ಬೇಕಾದ ಗಡ್ಡೆ. ಜ್ವರದ ಬಾಯಾರಿಕೆಗೆ ಕಾಯಿಸಿ ಕೊಡುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಅದೊಂದು. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಕೇಳಿದರೆ ಕೊಡುವುದು ಒಣಗಿಸಿ ನಾರು ಸುಟ್ಟ ಗಡ್ಡೆ. ಎಲೆಯಿಲ್ಲ, ಹೂವಿಲ್ಲ. ನಾಗರಮೋಥಾ ಹೆಸರಿನಲ್ಲಿ ಸೈಪರಸ್ ಸ್ಕೇರಿಯೋಸಸ್‌ನ ಗಡ್ಡೆಯೂ ಅದೇ ಪೇಟೆಯಲ್ಲಿ ತಿರುಗುತ್ತದೆ. ಅತ್ತರಿನವರಿಗೆ ಬೇಕಾದದ್ದು ಅದರ ಎಣ್ಣೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಬೇಕಾದರೆ ಗಡ್ಡೆ ಸಮೇತ ಒಣಗಿಸಿದ, ಹೆಸರು ಖಚಿತವಾದ ಹಾಳೆ ಬೇಕು. ಬೆಂಗಳೂರಿನಲ್ಲಿ ಔಷಧಸಸ್ಯಗಳಿಗೆಂದೇ ಹರ್ಬೇರಿಯಂ ಕಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಕೆಲಸದ ಒಂದು ಭಾಗ ಇಂಥದ್ದು.

ಹಂದಿಗಳಿಗೆ ಈ ಗುರುತಿನ ತೊಂದರೆಯಿಲ್ಲ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಕಾಡುಹಂದಿಗಳು ಹೊಂಡದ ಕೆಸರಲ್ಲಿ ಅಗೆಯುವುದು ಮುಸ್ತೆಯನ್ನೇ. ಮನುಷ್ಯರೂ ತಿಂದಿದ್ದಾರೆ: ಸುಡಾನಿನ ಅಲ್ ಖಿದೇ ಎಂಬಲ್ಲಿ ಅಗೆದ ಹಳೆಯ ಗೋರಿಗಳಲ್ಲಿ ಸಿಕ್ಕ ಹಲ್ಲುಗಳ ಕಿಟ್ಟದಲ್ಲಿ ಇದರ ಅಂಶ ಸಿಕ್ಕಿತೆಂದು 2014ರ ಒಂದು ಅಧ್ಯಯನ ತೋರಿಸಿತು.

ಗಣಕದಲ್ಲಿ ಜೇಕು

ಈಗ ಹಾಳೆಗಳ ಚಿತ್ರ ತೆಗೆದು ಜಾಲಕ್ಕೆ ಏರಿಸುವ ಕೆಲಸ ನಡೆದಿದೆ. ಭಾರತೀಯ ಸಸ್ಯ ಸರ್ವೇಕ್ಷಣೆ ತನ್ನ ಹಾಳೆಗಳನ್ನು ಹೀಗೆ ತೆರೆದಿಡುತ್ತಿದೆ. ಜೆಸಿಬಿ ಸಂಗ್ರಹದ ಆಧಾರದಲ್ಲಿ ಕೆ. ಶಂಕರ ರಾವ್ ಮತ್ತು ಸಂಗಡಿಗರು ಕರ್ನಾಟಕದ ಗಿಡಗಳ ಜಾಲಕೋಶ ಕಟ್ಟಿದ್ದಾರೆ. ಜಿಬಿಐಎಫ್ ಎಂಬ ಅಂತಾರಾಷ್ಟ್ರೀಯ ಭಂಡಾರ ಜಗತ್ತಿನ ಹರ್ಬೇರಿಯಂಗಳ ದಾಖಲೆಗಳನ್ನು ಒಂದೆಡೆ ಹುಡುಕಲು ಬಿಡುತ್ತದೆ. ಕೊಯಮತ್ತೂರಿಗೂ ಮುಂಬಯಿಗೂ ರೈಲು ಹತ್ತುವ ಕಷ್ಟ ಹಗುರವಾಗಿದೆ. ಹೊಸ ಕಷ್ಟವೂ ಬಂದಿದೆ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ. ಒಂದು ಅಕ್ಷರ ಕಡಿಮೆಯಾದರೆ ಅರ್ಧ ದಾಖಲೆ ಹುಡುಕಾಟದಿಂದ ತಪ್ಪಿಸಿಕೊಳ್ಳುತ್ತದೆ. ಹಳೆಯ ಚೀಟಿಯಲ್ಲಿ ಬರಿ ‘ಹರಿಹರ’ ಎಂದಿದ್ದರೆ ಗಣಕ ಅದನ್ನು ಊರಿನ ನಡುಮಧ್ಯಕ್ಕೆ ಗುರುತಿಸುತ್ತದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಂಗಳದಲ್ಲಿ ನೀರುಜೇಕು ಬೆಳೆದಂತೆ ನಕ್ಷೆ ತೋರಿಸಿದರೆ ತಪ್ಪು ನಕ್ಷೆಯದಲ್ಲ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಊರಿನಲ್ಲೂ ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕೆಂದಿದೆ. ಅಲ್ಲಿ ಹಿರಿಯರು ಹೇಳುವ ಹೆಸರುಗಳು ಸೇರುತ್ತವೆ. ಜೇಕು, ಕೊನ್ನಾರಿ, ತುಂಗೆಗಳಲ್ಲಿ ಯಾವ ಹೆಸರು ಯಾವ ಗಿಡಕ್ಕೆ ಎಂಬುದು ಹೋಬಳಿಯಿಂದ ಹೋಬಳಿಗೆ ಜರುಗುವುದರಿಂದ, ಆ ಪುಟದ ಜತೆಗೆ ಒಂದು ಒಣಹಾಳೆಯೂ ಇದ್ದರೆ ಮಾತಿಗೆ ಆಧಾರ. ಅಂಥ ಹಾಳೆಯ ಚೀಟಿ ಎಷ್ಟು ಹೇಳಬೇಕು ಎಂಬುದಕ್ಕೆ ಒಂದು ನಮೂನೆ: ‘ಹರಿಹರ, ತುಂಗಭದ್ರೆಯ ಬಲದಂಡೆ, ಹರಿದ್ರಾ ಹಳ್ಳ ಕೂಡುವಲ್ಲಿಂದ ಕೂಗಳತೆ ಕೆಳಗೆ, ಮರಳು ಬೆರೆತ ಎರೆ, ನೀರಂಚಿನಿಂದ ನಾಲ್ಕು ಮಾರು, ಮೇಲಿನ ಬದುವಿನಲ್ಲಿ ಭತ್ತ, ಗಡ್ಡೆ ಸರಪಳಿಯಾಗಿ, ಐದು, ಕಿರುತೆನೆ ಹಸಿಯಲ್ಲಿ ಕೆಂಗಂದು, ಕಳೆ ಕೀಳುತ್ತಿದ್ದವರು ಹೇಳಿದ ಹೆಸರು ಜೇಕು.’